ಬೀರೇಶನ ಇಂಗ್ಲಿಷ್ ರುಜು

“ನಂಗೆ ಇಂಗ್ಲಿಷ್ ಬರಾಕಿಲ್ಲ ಅಂತ ದಿಲ್ಲಿಗೆ ಬರ್ದು ಕಳಿಸಿದ್ರೆ ನಿನ್ ತಲೆ ಒಡೆದ್ಬುಡ್ತೀನಿ ಕಣಕ್ಕ.”

“ಒಡೆಯಕೆ ಮೊದ್ಲು ಆಚೆಗೆ ಬಾರ್ಲಾ ಮುಂಡೇದೆ,” ಎಂದೆ.

ಜೈಲಿನ ಜಾಲರಿಯ ಆ ಕಡೆ ನನ್ನ ತಮ್ಮ ಬೀರೇಶ. ಈ ಕಡೆ ನಾನು, ಅವನ ಹೆಂಡತಿ ವರಲಕ್ಷ್ಮಿ, ಲಾಯರ್ ಶ್ವೇತ. ಸಾತನೂರಿನಲ್ಲಿ ಎರಡು ಸಲ ಹೊಡೆದಾಡಿದ್ದಕ್ಕೆ ಇವನನ್ನು ಗೂಂಡಾ ಎಂದು ಹೇಳಿ, ವಿಚಾರಣೆಯಿಲ್ಲದೆ ಒಂದು ವರ್ಷ ಒಳಗಿಡಲು ಆದೇಶವಾಗಿತ್ತು. ಕಾರಣ ಬರೆದ ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕಾರಣ ಕೊಡದಿದ್ದರೆ ಆದೇಶ ನಿಲ್ಲುವುದಿಲ್ಲ ಎಂದು ಶ್ವೇತ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅದು ವಜಾ ಆಯಿತು. ‘ಓದಿ ತಿಳಿದುಕೊಂಡೆ’ ಎಂಬುದರ ಕೆಳಗೆ ಈ ಮಹಾರಾಯ ಸೊಗಸಾಗಿ ಇಂಗ್ಲಿಷಿನಲ್ಲಿ ರುಜು ಹಾಕಿದ್ದ. ಇವನು ಇಂಗ್ಲಿಷ್ ಬಲ್ಲವನೇ ಎಂದಿತು ಕೋರ್ಟು. ಇನ್ನು ಉಳಿದಿದ್ದು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಒಂದೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ಇವನು. ಹೆಣ್ಣು ನೋಡಲು ಹೋದಾಗ ಹತ್ತನೇ ಕ್ಲಾಸ್ ಎಂದಿದ್ದ. ಹೆಂಡತಿಯೆದುರು ಆ ಸುಳ್ಳು ಬಯಲಾಗುವುದಕ್ಕಿಂತ ಜೈಲೇ ವಾಸಿ ಎಂದು ಕೂತಿದ್ದ.

ವರಲಕ್ಷ್ಮಿ ಸೊಂಟದಿಂದ ಒಂದು ಮಾಸಲು ಚೀಟಿ ತೆಗೆದಳು.

“ಇವ್ರ ರುಜು ಇಲ್ಲೈತೆ ನೋಡಿ ಮೇಡಂ. ಕುರಿಗೆ ಹುಳದ ಔಷಧಿ ಕುಡಿಸ್ತೀವಲ್ಲ, ಆ ಸೀಸೆ ಮ್ಯಾಲಿಂದು.”

ಶ್ವೇತ ಚೀಟಿಯನ್ನೂ ಬಂಧನದ ಕಾಗದದ ರುಜುವನ್ನೂ ಜೋಡಿಸಿ ನೋಡಿದವರೇ ಫೈಲನ್ನು ಮುಖಕ್ಕೆ ಮುಚ್ಚಿಕೊಂಡರು. ಹನ್ನೊಂದು ವರ್ಷದಿಂದ ನನ್ನ ತಮ್ಮ ಡೇರಿ, ರೇಷನ್ ಅಂಗಡಿ, ಪೊಲೀಸ್ ಸ್ಟೇಷನ್, ಹೋದಲ್ಲೆಲ್ಲ ‘ಶೇಕ್ ವೆಲ್’ ಎಂದು ರುಜು ಹಾಕಿಕೊಂಡು ಬಂದಿದ್ದ. ಚೆನ್ನಾಗಿ ಅಲ್ಲಾಡಿಸಿ ಎಂದು ಅರ್ಥವಂತೆ.

ನಾನು ನಕ್ಕ ರಭಸಕ್ಕೆ ಜಾಲರಿಯೇ ಅಲ್ಲಾಡಿತು. ಗದರಿಸಲು ಬಂದ ಕಾವಲಿನವನು ವಿಷಯ ಕೇಳಿ ಅಲ್ಲೇ ಕುಕ್ಕರಿಸಿದ.

“ನಿಂಗ್ಯಾವಾಗಿಂದ ಗೊತ್ತು?” ಎಂದು ಬೀರೇಶ ಹೆಂಡತಿಯನ್ನು ಮೆಲ್ಲಗೆ ಕೇಳಿದ.

“ಮದ್ವೆ ಆದ ವಾರದಿಂದ. ರುಜು ಚೆಂದಾಗಿತ್ತು, ಸುಮ್ಕಿದ್ದೆ.”

ಅವನೂ ನಕ್ಕ. ಮೇಲ್ಮನವಿಯ ಕಾಗದಗಳಿಗೆ ಕನ್ನಡದಲ್ಲಿ ರುಜು ಹಾಕಿದ.

ಸೀಸೆಯ ಚೀಟಿ ಕಡತದ ಜೊತೆ ದಿಲ್ಲಿಗೆ ಹೋಯಿತು. ಎರಡೇ ತಿಂಗಳಿಗೆ ಹೈಕೋರ್ಟಿನ ತೀರ್ಪೂ ಬಂಧನದ ಆದೇಶವೂ ರದ್ದು. ನ್ಯಾಯಮೂರ್ತಿಗಳೂ ನಕ್ಕರೆಂದು ಶ್ವೇತ ಫೋನಿನಲ್ಲಿ ಹೇಳಿದರು.

ಬಿಡುಗಡೆಯ ಪುಸ್ತಕದಲ್ಲಿ ಬೀರೇಶ ನಾಲಿಗೆ ಕಚ್ಚಿಕೊಂಡು ಬೀ, ರೇ, ಶ ಎಂದು ಒಂದೊಂದೇ ಅಕ್ಷರ ಬರೆದ. ಗೇಟು ದಾಟುತ್ತಿದ್ದಂತೆ, ಚಪ್ಪಲಿ ಒಳಗೇ ಉಳಿದಿದೆ ಬಾ ಎಂದು ಕಾವಲಿನವನು ಕೂಗಿದ. ಇವನು ತಿರುಗಿಯೂ ನೋಡಲಿಲ್ಲ. ಬರಿಗಾಲಲ್ಲಿ ರಸ್ತೆ ದಾಟಿ, ಹೊರಟಿದ್ದ ಕನಕಪುರದ ಬಸ್ಸಿಗೆ ಹಾರಿ, ಕರೆದೊಯ್ಯಲು ಬಂದಿದ್ದ ನಮ್ಮನ್ನೂ ಬಿಟ್ಟು ಹೋದ.