ಕುಕ್ಕಪ್ಪ ಇಟ್ಟ ಹೆಸರು

ಆಲೆಟ್ಟಿಯ ಕುಕ್ಕಪ್ಪ ಇಲ್ಲದೆ ಆ ಕಡೆ ಒಂದು ದಿಬ್ಬಣವೂ ಹೊರಡುತ್ತಿರಲಿಲ್ಲ. ಹುಡುಗನ ಕಡೆಯವರು ಚಪ್ಪರದ ಬಾಗಿಲಿಗೆ ಬಂದಾಗಲೂ, ಮದುಮಗಳನ್ನು ಕರೆದುಕೊಂಡು ಹೊರಡುವಾಗಲೂ ಹೆಣ್ಣಿನವರು ನಾಲ್ಕು ಕೊಂಕು ಮಾತು ಆಡುವುದು ಮಾಮೂಲು. ಅದಕ್ಕೆ ಥಟ್ಟನೆ ತಿರುಗಿಸಿ ಕೊಡುವ ಬಾಯಿ ಬೇಕು. ಆ ಬಾಯಿ ಕುಕ್ಕಪ್ಪನದು. ತೋಟದ ಕೆಲಸ ಅಣ್ಣನ ಪಾಲಿಗೆ ಬಿಟ್ಟು, ಇವನು ಇಸ್ತ್ರಿ ಅಂಗಿ ಹಾಕಿಕೊಂಡು ಊರೂರಿನ ಮೊದಲ ಪಂಕ್ತಿಯಲ್ಲಿ ಕೂತು, ಕೇಳದೆಯೇ ಎರಡನೆಯ ಸಲ ಪಾಯಸ ಬಡಿಸಿಕೊಂಡು ಆರಾಮವಾಗಿದ್ದ. ನಗಿಸುವುದರ ಬಗ್ಗೆ ಅವನಿಗೆ ತನ್ನದೇ ಸಿದ್ಧಾಂತವಿತ್ತು.

"ಮರುಮಾತು ಯೋಚನೆ ಮಾಡಿ ಹೇಳುದಲ್ಲ ಮಾರಾಯ. ಯೋಚನೆ ಮಾಡ್ಲಿಕ್ಕೆ ಕೂತ್ರೆ ಅದು ತಣಿದ ದೋಸೆ" ಎನ್ನುತ್ತಿದ್ದ.

ಒಂದು ಸಲವಾದರೂ ಯೋಚನೆ ಮಾಡಬೇಕಿತ್ತು, ಪುಣ್ಯಾತ್ಮ.

ಐವತ್ತೆರಡನೆಯ ಇಸವಿಯಲ್ಲಿ ಅವನ ಗೆಳೆಯ, ಮರ್ಕಂಜದ ದುಗ್ಗಪ್ಪನ ಮದುವೆಯಾಯಿತು. ಹೆಣ್ಣು ಕಡಬದ ಕಡೆಯ ಬಡ ಮನೆಯ ಪೂವಮ್ಮ. ಅವಳ ಕುತ್ತಿಗೆಯಲ್ಲಿ ಕೆಂಪು ಕಲ್ಲಿನ ಅಡ್ಡಿಗೆ ಹೊಳೆಯುತ್ತಿತ್ತು. ಹಿಂದಿನ ತಿಂಗಳಷ್ಟೇ ಅದೇ ಅಡ್ಡಿಗೆಯನ್ನು ಕುಕ್ಕಪ್ಪ ಇನ್ನೊಬ್ಬ ಮದುಮಗಳ ಕುತ್ತಿಗೆಯಲ್ಲಿ ನೋಡಿದ್ದ. ಮದುವೆಗೆ ಒಡವೆ ಎರವಲು ತರುವುದು ಆಗ ಯಾರಿಗೂ ಹೊಸದಲ್ಲ. ಎಲ್ಲರಿಗೂ ಗೊತ್ತಿರುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮರ್ಯಾದೆ ಎಂದರೆ ಅಷ್ಟೇ.

ಹೊರಡುವ ಹೊತ್ತಿಗೆ ಹುಡುಗಿಯ ಸೋದರಮಾವ ಕೆಣಕಿದರು. "ನಮ್ಮ ಬಂಗಾರದಂಥ ಹುಡುಗಿಯನ್ನು ಕೊಟ್ಟಿದ್ದೇವೆ. ಜಾಗ್ರತೆ ಮಾಡ್ತೀರಾ ಹೇಗೆ?"

"ಹುಡುಗಿಯನ್ನು ಜಾಗ್ರತೆ ಮಾಡುವ ಮಾರಾಯ್ರೆ" ಎಂದ ಕುಕ್ಕಪ್ಪ. "ಬಂಗಾರ ಎರವಲಿದ್ದಲ್ವಾ? ಅದನ್ನು ಇಲ್ಲೇ ಬಿಚ್ಚಿಟ್ಟು ಹೋಗುದು."

ಚಪ್ಪರ ಬಿದ್ದು ಬಿದ್ದು ನಕ್ಕಿತು. ದುಗ್ಗಪ್ಪನೂ ನಕ್ಕ. ಪೂವಮ್ಮನ ಕೈ ಮಾತ್ರ ಕುತ್ತಿಗೆಗೆ ಹೋಗಿ ಅಲ್ಲೇ ನಿಂತಿತು. ಕುಕ್ಕಪ್ಪ ಅದನ್ನು ನೋಡಿದ್ದ. ನೋಡಿಯೂ ವೀಳ್ಯದೆಲೆಗೆ ಕೈ ಹಾಕಿದ್ದ.

ಆ ವಾರವೇ ಮರ್ಕಂಜದ ಮನೆಯಲ್ಲಿ ಅವಳಿಗೆ 'ಎರವಲು' ಎಂದು ಹೆಸರು ಬಿತ್ತು. ಸುದ್ದಿ ಕುಕ್ಕಪ್ಪನಿಗೂ ತಲುಪಿತು. ಅವನು ಹಿಗ್ಗಿದ. ತಾನು ಆಡಿದ ಒಂದು ಮಾತು ಅಷ್ಟು ದೂರ ಹೋಗಿ ನೆಲೆ ನಿಂತಿತಲ್ಲ ಎಂದು ಸುಳ್ಯ ಪೇಟೆಯ ಹೋಟೆಲಿನಲ್ಲಿ ಕೂತು ಹತ್ತಾರು ಸಲ ಹೇಳಿಕೊಂಡ.

ಹದಿನಾಲ್ಕು ವರ್ಷ ಕಳೆಯಿತು. ಕುಕ್ಕಪ್ಪನ ಮಗಳು ಪ್ರೇಮಾವತಿಗೆ ಅದೇ ಮರ್ಕಂಜದ ಮನೆಯಿಂದ, ದುಗ್ಗಪ್ಪನ ಅಣ್ಣನ ಮಗನಿಗೆಂದು ಸಂಬಂಧ ಬಂತು. ಹಂಚಿನ ಮನೆ, ತೋಟಕ್ಕೆ ಪಂಪು, ಚಾವಡಿಯಲ್ಲಿ ರೇಡಿಯೋ. ಮಗಳು ಕೂತು ಉಣ್ಣಬಹುದು ಎಂದು ಕುಕ್ಕಪ್ಪ ಹಿಂದೆಮುಂದೆ ನೋಡದೆ ಒಪ್ಪಿದ.

ಮನೆ ನೋಡಲು ಹೋದ ದಿನ ದುಗ್ಗಪ್ಪನ ತಾಯಿ ಒಳಗೆ ತಿರುಗಿ, "ಎರವಲೂ, ಕಾಫಿ ತಾ" ಎಂದು ಕೂಗಿದರು. ಹಳೆಯ ಚಾಳಿ, ಕುಕ್ಕಪ್ಪನಿಗೆ ನಗು ಉಕ್ಕಿತು. ಸುತ್ತ ನೋಡಿದರೆ ಬೇರೆ ಯಾರೂ ನಗಲಿಲ್ಲ. ಅವರಿಗೆ ಅದು ತಮಾಷೆಯಾಗಿ ಉಳಿದೇ ಇರಲಿಲ್ಲ, ಬರೀ ಹೆಸರಾಗಿತ್ತು. ತಲೆ ಅಲ್ಲಲ್ಲಿ ನರೆತ ಹೆಂಗಸೊಬ್ಬಳು ಬಂದು ಲೋಟ ಇಟ್ಟಳು.

"ಸಕ್ಕರೆ ಸಾಕಾ ಕುಕ್ಕಪ್ಪಣ್ಣ?"

ಕುಕ್ಕಪ್ಪ ಕುಡಿಯದೆ ಲೋಟ ಪಕ್ಕಕ್ಕಿಟ್ಟ. ನಾಳೆ ಈ ಮನೆಯವರು ನನ್ನ ಪ್ರೇಮಳನ್ನು ಏನೆಂದು ಕರೆದಾರು? ಪೂವಮ್ಮ ಒಂದೇ ಒಂದು ಮಾತು ಅಂದರೆ ಸಾಕು, ಅದು ಮಗಳ ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಮದುವೆಯ ದಿನದವರೆಗೂ ಕುಕ್ಕಪ್ಪ ಸರಿಯಾಗಿ ನಿದ್ದೆ ಮಾಡಲಿಲ್ಲ.

ದಿಬ್ಬಣ ಬಂತು. ಹೆಣ್ಣಿನ ತಂದೆಯೇ ಕುಕ್ಕಪ್ಪ, ಇನ್ನು ಕೇಳಬೇಕೆ ಎಂದು ಊರಿಗೆ ಊರೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿತ್ತು. ಅವನು ಬೆಲ್ಲ ನೀರಿನ ಚೊಂಬು ಹಿಡಿದುಕೊಂಡು, "ಬನ್ನಿ, ಕೂತ್ಕೊಳ್ಳಿ" ಎಂದಷ್ಟೇ ಹೇಳಿದ.

"ಎಂತ ಮಾರಾಯ್ರೆ, ಬಾಯಿಗೆ ಬೀಗವಾ?" ಎಂದು ಯಾರೋ ಕೇಳಿದರು. ಅವನ ಕಣ್ಣೆಲ್ಲ ಪೂವಮ್ಮನ ಮೇಲೆ. ಅವಳು ಯಾರ ಜೊತೆಗೂ ಸೇರದೆ ನೇರ ಒಳಕೋಣೆಗೆ ನಡೆದಳು. ಕುಕ್ಕಪ್ಪ ಚೊಂಬನ್ನು ಯಾರದೋ ಕೈಗೆ ತುರುಕಿ ಹಿಂದೆಯೇ ಹೋಗಿ ಬಾಗಿಲ ಮರೆಯಲ್ಲಿ ನಿಂತ.

ಮೈತುಂಬ ಸ್ವಂತ ಬಂಗಾರ ಹೇರಿಕೊಂಡು ಕೂತಿದ್ದ ಹುಡುಗಿಯ ಸೆರಗನ್ನು ಪೂವಮ್ಮ ಸರಿಮಾಡುತ್ತಿದ್ದಳು.

"ಹೆದರಬೇಡ ಮಗಳೇ. ಆ ಮನೆಯಲ್ಲಿ ನಿನ್ನನ್ನು ಪ್ರೇಮ ಅಂತಲೇ ಕರೀತಾರೆ. ಬೇರೆಂತದೂ ಕರೀಲಿಕ್ಕೆ ನಾನು ಬಿಡುದಿಲ್ಲ."

ಹದಿನಾಲ್ಕು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಅವಳು ಆಡಿದ ಮಾತು ಇದು. ಬೈದಿದ್ದರೆ ಕುಕ್ಕಪ್ಪ ತಡೆದುಕೊಳ್ಳುತ್ತಿದ್ದ. ಗೋಡೆಗೆ ಒರಗಿ ನಿಂತು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಎಲ್ಲರೆದುರು ತಪ್ಪಾಯಿತು ಎನ್ನಬೇಕು. ಅಂದು ಎಲ್ಲರೆದುರು ಕಸಿದುಕೊಂಡ ಹೆಸರನ್ನು ಇಂದು ಎಲ್ಲರೆದುರೇ ಕೂಗಿ ವಾಪಸು ಕೊಡಬೇಕು ಎಂದು ಅಲ್ಲೇ ನಿಶ್ಚಯಿಸಿದ.

ಊಟ ಮುಗಿದು ಬಿಸಿಲು ಇಳಿಯುವಾಗ ದಿಬ್ಬಣ ಬಸ್ಸಿನ ಕಡೆಗೆ ಹೊರಟಿತು. ಪೂವಮ್ಮ ಮದುಮಗಳ ಕೈ ಹಿಡಿದು ಮುಂದೆ ನಡೆಯುತ್ತಿದ್ದಳು. ಕುಕ್ಕಪ್ಪ ಅಂಗಳದ ತುದಿಗೆ ಬಂದು ನಿಂತ. ಜನ ಸುಮ್ಮನಾದರು. ಈಗಾದರೂ ಏನೋ ತಮಾಷೆ ಬರುತ್ತದೆ ಎಂದುಕೊಂಡರು.

"ಪೂವಮ್ಮಾ!" ಎಂದು ಗಟ್ಟಿಯಾಗಿ ಕರೆದ.

ಅವಳು ನಡೆಯುತ್ತಲೇ ಇದ್ದಳು.

"ಪೂವಮ್ಮಾ!"

ಮಗಳು ತಿರುಗಿದಳು, ಬಸ್ಸಿನ ಡ್ರೈವರ್ ಕೂಡ ತಿರುಗಿದ. ಪೂವಮ್ಮ ತಿರುಗಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು, ಮದುಮಗಳಿಗೆ ಬಸ್ಸಿನ ಮೆಟ್ಟಿಲು ತೋರಿಸುತ್ತಿದ್ದಳು.

ಬಸ್ಸಿನ ಬಳಿ ಬೀಡಿ ಸೇದುತ್ತಿದ್ದ ದುಗ್ಗಪ್ಪ ಕೂಗಿದ. "ಏ ಎರವಲೂ, ಕುಕ್ಕಪ್ಪ ಕರೀತಾ ಇದ್ದಾನಲ್ಲ, ಕೇಳುದಿಲ್ವಾ?"

ಅವಳು ಕೂಡಲೇ ತಿರುಗಿದಳು.

"ನನ್ನನ್ನಾ ಕರೆದದ್ದು, ಕುಕ್ಕಪ್ಪಣ್ಣ?"