ಕಣ್ಣು ಮುಚ್ಚಿದ ಸಭೆ

"ಈ ಸಲ ಕೈ ಎತ್ತಿಸಿಬಿಡೋಣ ಸಾರ್," ಎಂದಳು ಕಾರ್ಯದರ್ಶಿ, ಮೈಕಿಗೆ ಅಂಗೈ ಅಡ್ಡ ಹಿಡಿದು. "ಯಾರು ಯಾವ ಕಡೆ ಅಂತ ಎಲ್ಲರಿಗೂ ಕಾಣ್ಲಿ."

ಅವಳ ಪಕ್ಕದಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ನಕ್ಕರು. "ಕಂಪನಿಯವನು ಮುಂದಿನ ಸಾಲಲ್ಲೇ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದಾನಲ್ಲಮ್ಮ. ಅವನೆದುರು ಕೈ ಎತ್ತೋ ಧೈರ್ಯ ಯಾರಿಗಿದೆ?"

"ನಿಮ್ಮೆದುರು ಎತ್ತೋ ಧೈರ್ಯನೂ ಯಾರಿಗೂ ಇಲ್ಲ ಸಾರ್."

ಅದನ್ನು ಅವರು ಹೊಗಳಿಕೆ ಎಂದೇ ತಿಳಿದರು. "ಸರಿ ಸರಿ, ನಮ್ಮ ಪದ್ಧತಿ ಏನಿದೆಯೋ ಅದೇ ಆಗ್ಲಿ," ಎಂದು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು.

ದೊಡ್ಡಪ್ಪ ಎನ್ನುವುದು ಇಂಟರ್ನೆಟ್ ಕಸುಬಿನವರು ಇಟ್ಟ ಹೆಸರು. ಪತ್ರಿಕೆಯವರು ಅವರನ್ನು ಇಲ್ಲಿನ ಇಂಟರ್ನೆಟ್ಟಿನ ಜನಕ ಎಂದು ಬರೆದಾಗ, ಕೇಬಲ್ ಎಳೆಯುವ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಪ್ಪ ಅಂದರೆ ಖರ್ಚಿಗೆ ಕೇಳಬೇಕಾಗುತ್ತದೆ, ಬರೀ ಬುದ್ಧಿ ಹೇಳುವವರಿಗೆ ದೊಡ್ಡಪ್ಪ ಅನ್ನೋದೇ ಸರಿ ಎಂದು ಅವರವರೇ ತೀರ್ಮಾನಿಸಿದರು. ಹೆಸರು ಅಂಟಿಕೊಂಡಿತು.

ಆಗ ಅವರು ಟೆಲಿಫೋನ್ ಇಲಾಖೆಯ ಎಂಜಿನಿಯರು. ಊರಿನಲ್ಲಿ ನಾಲ್ಕಾರು ಜನ ಸಣ್ಣಪುಟ್ಟ ಇಂಟರ್ನೆಟ್ ಕಂಪನಿ ತೆರೆದಿದ್ದರು, ಒಬ್ಬರ ತಂತಿ ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ಈ ಬದಿಯ ಮನೆಯವನು ಎದುರು ಮನೆಗೆ ಒಂದು ಇಮೇಲ್ ಕಳಿಸಿದರೆ ಅದು ಸಮುದ್ರ ದಾಟಿ, ಯಾವುದೋ ದೇಶದ ಯಂತ್ರವನ್ನು ಮಾತಾಡಿಸಿಕೊಂಡು, ಮತ್ತೆ ಸಮುದ್ರ ದಾಟಿ ಬರಬೇಕಿತ್ತು. ದೊಡ್ಡಪ್ಪ ಕೆಲಸಕ್ಕೆ ರಾಜೀನಾಮೆ ಬಿಸಾಕಿ, ಒಬ್ಬೊಬ್ಬರ ಬಾಗಿಲಿಗೂ ಹೋಗಿ ಅಂಗಲಾಚಿದರು. ಎಲ್ಲರೂ ಒಂದೊಂದು ತಂತಿ ತಂದು ಒಂದು ಕಡೆ ಸೇರಿಸಿ, ಯಾರೂ ಯಾರ ಹತ್ತಿರವೂ ಕಾಸು ಕೇಳಬೇಡಿ. ಹಾಗೆ ಹುಟ್ಟಿದ್ದು ಕೂಡುಕೋಣೆ. ಹಳೆಯ ಟೆಲಿಫೋನ್ ಕಟ್ಟಡದ ಹಿಂದೆ, ಕಿಟಕಿಯಿಲ್ಲದ, ಸದಾ ತಣ್ಣಗಿನ ಒಂದು ಕೋಣೆ.

ಅಲ್ಲಿಗೆ ಮೊದಲ ಕೇಬಲ್ ಎಳೆದವರು ಇಬ್ಬರೇ, ಅವರು ಮತ್ತು ಅವರ ಭಾವಮೈದುನ, ಹೆಂಡತಿಯ ತಮ್ಮ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಪಡ್ಡೆ. ಕೊಳವೆಯೊಳಗೆ ತೆವಳುವಾಗಲೂ, ಮಾಳಿಗೆಯ ಅಂಚಿನಲ್ಲಿ ನೇತಾಡುವಾಗಲೂ ಅವನ ಗುನುಗು ನಿಲ್ಲುತ್ತಿರಲಿಲ್ಲ. ಹಾಡೂ ಅಲ್ಲ, ರಾಗವೂ ಅಲ್ಲ. ಕೆಳಗಿನಿಂದ ಶುರುವಾಗಿ ಮೆಲ್ಲಗೆ ಮೇಲೇರಿ ಮೂಗಿನಲ್ಲಿ ಸಿಕ್ಕಿಹಾಕಿಕೊಳ್ಳುವ ಒಂದು ಸದ್ದು. ಕೇಬಲ್ಲಿನ ಆ ತುದಿಯಲ್ಲಿ ಅವನು ಬದುಕಿದ್ದಾನೆಂದು ಈ ತುದಿಯಲ್ಲಿ ದೊಡ್ಡಪ್ಪನವರಿಗೆ ತಿಳಿಯುತ್ತಿದ್ದುದೇ ಅದರಿಂದ. ಈಗ ಅವನದೂ ಒಂದು ಪುಟ್ಟ ಇಂಟರ್ನೆಟ್ ಕಂಪನಿಯಿದೆ, ತಲೆ ಬೋಳಾಗಿದೆ, ಗುನುಗು ಮಾತ್ರ ಹಾಗೇ ಉಳಿದಿದೆ.

ಕೋಣೆಯ ಜೊತೆಗೇ ಆ ಪದ್ಧತಿಯೂ ಹುಟ್ಟಿತು. ದೂರದ ಯಾವುದೋ ಸಭೆಯಲ್ಲಿ ನೋಡಿ ಬಂದಿದ್ದ ದೊಡ್ಡಪ್ಪ ಅದಕ್ಕೆ ತಮ್ಮದೂ ಒಂದು ಒಗ್ಗರಣೆ ಹಾಕಿದ್ದರು. ಯಾವುದೇ ವಿಷಯಕ್ಕೂ ಕೈ ಎತ್ತುವಂತಿಲ್ಲ, ಚೀಟಿ ಹಾಕುವಂತಿಲ್ಲ. ಅಧ್ಯಕ್ಷರೂ ಸೇರಿ ಎಲ್ಲರೂ ಕಣ್ಣು ಮುಚ್ಚಬೇಕು. ಒಪ್ಪುವವರು ಬಾಯಿ ತೆರೆಯದೆ ಹೂಂಗುಟ್ಟಬೇಕು, ಆಮೇಲೆ ಒಪ್ಪದವರು. ಯಾವ ಸದ್ದು ದೊಡ್ಡದೋ ಅದು ಗೆದ್ದಂತೆ. ಅಧ್ಯಕ್ಷರ ಕಿವಿ ಹೇಳಿದ್ದೇ ಕೊನೆ. ಬಲಾಢ್ಯರ ಮುಂದೆ ಬಡಪಾಯಿಯೂ ಹೆದರದೆ ಮನಸ್ಸಿನಲ್ಲಿರುವುದನ್ನು ಹೇಳಲಿ ಎಂದು ಮಾಡಿದ ಏರ್ಪಾಡು. ಹೊಸಬರು ನಗುತ್ತಿದ್ದರು, ಎರಡನೇ ಸಭೆಯಿಂದ ತಾವೂ ಹೂಂಗುಟ್ಟುತ್ತಿದ್ದರು.

ಅವರ ಪಕ್ಕದಲ್ಲಿ ಕೂತು ಕೆಲಸ ಕಲಿತವರು ಮಹಡಿ ಮೇಲೆ ಮಹಡಿ ಕಟ್ಟಿದರು. ದೊಡ್ಡಪ್ಪ ಕಟ್ಟಲಿಲ್ಲ. "ಊರಿಗೆಲ್ಲ ತಂತಿ ಎಳೆದ್ರಿ, ನಮ್ಮನೆ ಕಾಲಿಂಗ್ ಬೆಲ್ ಮಾತ್ರ ಇವತ್ತಿಗೂ ಹೊಡ್ಕೊಳ್ಳಲ್ಲ," ಎಂದು ಹೆಂಡತಿ ಆಡಿಕೊಂಡಾಗ ಅವರೂ ನಗುತ್ತಿದ್ದರು. ತಮ್ಮದು ಅಂತ ಹೇಳಿಕೊಳ್ಳಲು ಅವರಿಗಿದ್ದುದು ಯಾರದ್ದೂ ಅಲ್ಲದ ಆ ಕೋಣೆ ಒಂದೇ.

ಇವತ್ತು ಅದನ್ನೇ ಒಂದು ದೊಡ್ಡ ಕಂಪನಿ ಕೇಳಿಕೊಂಡು ಬಂದಿತ್ತು. ಹೊಸ ಕಟ್ಟಡ, ಹೊಸ ಯಂತ್ರ, ನೋಡಿಕೊಳ್ಳಲು ಸಂಬಳದ ಜನ. ಬದಲಿಗೆ ಇನ್ನು ಮುಂದೆ ತಂತಿ ಸೇರಿಸುವವರೆಲ್ಲ ಕಂಪನಿಗೆ ಬಾಡಿಗೆ ಕೊಡಬೇಕು. ನಿನ್ನೆ ಸಂಜೆ ಕೂಡುಕೋಣೆಯ ಸದಸ್ಯರು ಒಬ್ಬರ ಹಿಂದೆ ಒಬ್ಬರು ಮನೆಗೆ ಬಂದು, ಕಾಫಿ ಕುಡಿದು, "ನಾವಿರೋವಾಗ ನೀವ್ಯಾಕೆ ತಲೆ ಕೆಡಿಸ್ಕೋತೀರಿ ದೊಡ್ಡಪ್ಪ," ಎಂದು ಹೋಗಿದ್ದರು. ಅವರು ಎಳೆ ಮಗುವಿನಂತೆ ನಿದ್ದೆ ಮಾಡಿದ್ದರು.

"ಎಲ್ಲರೂ ಕಣ್ಣು ಮುಚ್ಚಿ," ಎಂದರು ದೊಡ್ಡಪ್ಪ. ತಾವೂ ಮುಚ್ಚಿದರು. "ಕೋಣೆ ಈಗಿರುವ ಹಾಗೇ ಇರಲಿ ಅನ್ನುವವರು."

ಪಕ್ಕದಿಂದ ಕಾರ್ಯದರ್ಶಿಯ ತೆಳು ದನಿ ಎದ್ದಿತು. ಹಿಂದಿನ ಸಾಲಿನಿಂದ ಒಂದೆರಡು ಸೇರಿಕೊಂಡವು. ಅಷ್ಟೇ. ಫ್ಯಾನಿನ ಕಟಕಟ ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಸಂಕೋಚ ಇರಬೇಕು ಎಂದುಕೊಂಡು ಅವರು ಇನ್ನೂ ಸ್ವಲ್ಪ ಹೊತ್ತು ಕಾದರು, ಕಾಯಬಾರದಷ್ಟು ಕಾದರು.

"ಕಂಪನಿಗೆ ಕೊಡೋಣ ಅನ್ನುವವರು."

ಸಭಾಂಗಣ ತುಂಬಿಹೋಯಿತು. ಮೇಜಿನ ಮೇಲಿಟ್ಟ ಅವರ ಅಂಗೈಗೇ ಆ ಸದ್ದು ತಾಗಿತು. ನಿನ್ನೆ ಕಾಫಿ ಕುಡಿದ ಗಂಟಲುಗಳೇ ಇವು ಎಂದು ತಿಳಿಯಿತು. ಆ ಗದ್ದಲದ ನಡುವೆ ಎಡಗಡೆಯಿಂದ, ತೀರ ಹತ್ತಿರದಿಂದ, ಒಂದು ಸದ್ದು ಕೆಳಗಿನಿಂದ ಶುರುವಾಗಿ ಮೆಲ್ಲಗೆ ಮೇಲೇರಿ ಮೂಗಿನಲ್ಲಿ ಸಿಕ್ಕಿಹಾಕಿಕೊಂಡಿತು.

ದೊಡ್ಡಪ್ಪ ಕಣ್ಣು ತೆರೆಯಲಿಲ್ಲ. ತೆರೆಯಬೇಕಾಗಿರಲಿಲ್ಲ. ನನ್ನ ಕಿವಿಗೆ ಮೊದಲ ಸದ್ದೇ ದೊಡ್ಡದಾಗಿ ಕೇಳಿಸಿತು ಎಂದು ಹೇಳಿದ್ದರೆ ಮುಗಿಯುತ್ತಿತ್ತು, ಎದ್ದು ನಿಂತು ನಾನು ಕಂಪನಿ ಕಡೆ ಹೂಂಗುಟ್ಟಿದೆ ಎನ್ನುವ ಗಂಡಸು ಅಲ್ಲಿ ಯಾರೂ ಇರಲಿಲ್ಲ. ಆ ಆಸೆ ಅವರ ನಾಲಿಗೆಯ ತುದಿಯವರೆಗೂ ಬಂದಿತ್ತು. ಕಾರ್ಯದರ್ಶಿ ಮೆಲ್ಲಗೆ ಅವರ ಮೊಣಕೈ ಮುಟ್ಟಿದಳು, ಕೋಣೆ ಉಳೀತು ಅಂದುಬಿಡಿ ಎನ್ನುವ ಹಾಗೆ.

"ಕೋಣೆ ಕಂಪನಿಗೆ," ಎಂದರು ದೊಡ್ಡಪ್ಪ.

ಆಮೇಲೆ ನಡೆದದ್ದು ಇನ್ನೂ ಅಸಹ್ಯ. ಕಂಪನಿಯವನು ಎದ್ದು ನಿಂತು, ಹೊಸ ಕಟ್ಟಡದ ಬಾಗಿಲಲ್ಲಿ ಅಧ್ಯಕ್ಷರ ದೊಡ್ಡ ಫೋಟೋ ಹಾಕುತ್ತೇವೆ ಎಂದ. ಚಪ್ಪಾಳೆ ಬಿತ್ತು. ಸದಸ್ಯರು ಸಾಲುಗಟ್ಟಿ ಬಂದು ಕೈ ಹಿಡಿದುಕೊಂಡರು. "ನಾನು ನಿಮ್ ಕಡೆನೇ ದೊಡ್ಡಪ್ಪ, ಉಳಿದೋರು ಕೈ ಕೊಟ್ರು." ಹಿಂದೆ ನಿಂತವನೂ ಅದನ್ನೇ ಹೇಳಿದ, ಅವನ ಹಿಂದಿನವನೂ. ಒಬ್ಬನ ಕಣ್ಣಲ್ಲಂತೂ ನೀರೇ ಇತ್ತು. ಮುಖಕ್ಕೆ ಮುಖ ಕೊಟ್ಟು ಇಷ್ಟು ಮೆತ್ತಗಾಗುವ ಇವರಿಂದ ಕೈ ಎತ್ತಿಸಿದ್ದರೆ ಕಂಪನಿಯ ಪರ ಒಂದು ಕೈಯಾದರೂ ಏಳುತ್ತಿತ್ತೇ? ಹೆದರುವವರಿಗೆಂದು ಕಟ್ಟಿದ ಮರೆಯಲ್ಲಿ ದೊಡ್ಡಪ್ಪನವರಿಗೇ ಹೆದರಿದವರು ಅಡಗಿ ಕೂತಿದ್ದರು. ಕಾರ್ಯದರ್ಶಿಯ ಮುಖ ನೋಡಲು ಅವರಿಗೆ ಆಗಲಿಲ್ಲ. ಅವಳು ಮೈಕಿನ ವೈರು ಸುತ್ತಿಡುತ್ತಿದ್ದಳು.

"ನಡೀರಿ ಭಾವ, ಮನೆಗೆ ಬಿಡ್ತೀನಿ," ಎಂದು ಭಾವಮೈದುನ ಬಂದು ತೋಳು ಹಿಡಿದ. ಪ್ರತಿ ಸಭೆಯ ನಂತರವೂ ಬಿಡುತ್ತಿದ್ದವನು ಅವನೇ. ಕಾರಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಟೂಲ್ ಬ್ಯಾಗನ್ನು ಹಿಂದಕ್ಕೆ ಹಾಕಿ, ಅವರ ಬೆಲ್ಟನ್ನೂ ತಾನೇ ಸಿಕ್ಕಿಸಿದ.

"ಎಷ್ಟು ಜೋರಾಗಿ ಹೂಂಗುಟ್ಟಿದೆ ಗೊತ್ತಾ ಭಾವ, ಕೋಣೆ ಉಳೀಲಿ ಅಂತ? ಗಂಟಲು ಇನ್ನೂ ನೋಯ್ತಿದೆ."

"ಹೌದೇನೋ?"

"ಮತ್ತೆ! ಮನೇಲಿ ಅಕ್ಕಂಗೂ ಹೇಳಿ."

"ಹೇಳ್ತೀನಿ," ಎಂದರು ದೊಡ್ಡಪ್ಪ. "ನಿನ್ನ ದನಿ ಚೆನ್ನಾಗಿ ಕೇಳಿಸ್ತು ಕಣೋ."

ಭಾವಮೈದುನ ಸರಕ್ಕನೆ ಅವರ ಕಡೆ ತಿರುಗಿದ. ಆಮೇಲೆ ರಸ್ತೆ ನೋಡತೊಡಗಿದ. ಸ್ಟೀರಿಂಗ್ ಹಿಡಿದ ಮರುಗಳಿಗೆಯೇ ಗುನುಗಲು ಶುರುಮಾಡುತ್ತಿದ್ದವನು ಇವತ್ತು ತುಟಿ ಬಿಗಿಹಿಡಿದು ಕೂತಿದ್ದ. ಸೇತುವೆ ದಾಟಿತು, ಆಸ್ಪತ್ರೆ ದಾಟಿತು. ಒಮ್ಮೆ ಗಂಟಲು ಸರಿಮಾಡಿಕೊಂಡು, "ರೇಡಿಯೋ ಹಾಕ್ಲಾ ಭಾವ?" ಎಂದು ಕೇಳಿದ.

"ಬೇಡ."

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಅವನ ಬೆರಳುಗಳು ತಮ್ಮಷ್ಟಕ್ಕೆ ಸ್ಟೀರಿಂಗ್ ಮೇಲೆ ತಟ್ಟತೊಡಗಿದವು, ಮೊದಲು ಮೆಲ್ಲಗೆ, ಆಮೇಲೆ ಏರುತ್ತ. ಅರ್ಧಕ್ಕೆ ಅವನಿಗೇ ಗೊತ್ತಾಗಿ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಕೊಂಡ. ದೊಡ್ಡಪ್ಪ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಹಸಿರು ದೀಪ ಬಂತು, ಕಾರು ಕದಲಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು.