ಕೈಲಾಸ ಎಂಬ ಫೈಲು

"ಒಳಗೇ ಬಿಡ್ತಿಲ್ರೀ ಇದು," ಎಂದಳು ನಾಗವೇಣಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮೇಜಿನಾಚೆ ನಿಂತಿದ್ದ ತೊಗರ್ಸಿಯ ಬೆನಕಪ್ಪ ಕೈಯಲ್ಲಿದ್ದ ಚೀಟಿಯನ್ನು ಮಡಚಿದ, ಬಿಚ್ಚಿದ. ಅವನ ತಾಯಿ ಹುಲಿಯಮ್ಮ ತೀರಿಕೊಂಡು ನಾಲ್ಕು ದಿನವಾಗಿತ್ತು. ಉತ್ತರಕ್ರಿಯೆಯ ದಿನದ ಶಿವಗಣಾರಾಧನೆಗೆ ಕರೆಯುವ ಕಾಗದ ಮಧ್ಯಾಹ್ನದ ಬಸ್ಸಿಗೆ ಊರು ಸೇರಬೇಕಿತ್ತು.

"ಸಂಗಮೇಶಣ್ಣ ಇದ್ದಾಗ ಚಾ ಕುಡಿಯೋದ್ರಾಗೆ ಆಗಿಬಿಡ್ತಿತ್ತು," ಎಂದವನು ನಾಲಿಗೆ ಕಚ್ಚಿಕೊಂಡ.

ನಾಗವೇಣಿಗೆ ಏನೂ ಅನ್ನಿಸಲಿಲ್ಲ. ಗಂಡ ಸಂಗಮೇಶ ತೀರಿಕೊಂಡ ಮೂರು ತಿಂಗಳಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಎರಡನ್ನೂ ಬಂದ ನೆಂಟರೇ ಹೊತ್ತಿಗೆ ಸರಿಯಾಗಿ ಮುಗಿಸಿಕೊಂಡು ಹೋಗಿದ್ದರು.

ಮೈದುನ ಸಿದ್ಧಲಿಂಗೇಶ್ ಅಂದು ಸಂಜೆ ಕಂಪ್ಯೂಟರು ಕೊಳ್ಳುವವರನ್ನು ಕರೆತರುವವನಿದ್ದ. "ಒಂದು ಕಾಗದ ನೀವೊಬ್ರೇ ಮಾಡಿ ತೋರಿಸ್ರಿ ಅತ್ತಿಗೆ, ಮಾರೋ ಮಾತೇ ಎತ್ತಲ್ಲ," ಎಂದಿದ್ದ. ಕೆಟ್ಟವನೇನಲ್ಲ, ನಂಬಿಕೆ ಇರಲಿಲ್ಲ ಅಷ್ಟೆ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಎದುರಿನ ಈ ಡಿಟಿಪಿ ಅಂಗಡಿ ಹೋದರೆ ಅವಳಿಗೆ ಉಳಿಯುವುದು ಆನವಟ್ಟಿಯ ತವರಿನ ಒಲೆ, ಅಣ್ಣನ ಹೆಂಡತಿಯ ಮುಖ.

ಸಾಯುವ ಎರಡು ತಿಂಗಳ ಮುಂಚೆ ಸಂಗಮೇಶ ಹಳೆಯ ಕಂಪ್ಯೂಟರು ಕೊಟ್ಟು ಹೊಸದು ತಂದಿದ್ದ. ಹಳೆಯದರಲ್ಲಿ ಯಾರು ಬೇಕಾದರೂ ಯಾವ ಫೈಲನ್ನಾದರೂ ತೆಗೆಯಬಹುದಿತ್ತು. ಹೊಸದರೊಳಗಿನ ಈ ವಿಂಡೋಸ್ ಎನ್‌ಟಿ ಎಂಬುದು ಹಾಗಲ್ಲ. ಇದರಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ, ಅವನು ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆ ಒಡೆಯ ತನ್ನ ಪಾಸ್‌ವರ್ಡನ್ನು ಯಾರಿಗೂ ಹೇಳದೆ ಹೊರಟುಹೋಗಿದ್ದ.

ಕಂಪ್ಯೂಟರು ರಿಪೇರಿಯ ನಾಗೇಶ್ ಅದು ಅವಳ ಹೆಸರಿನಲ್ಲೂ ತೆರೆಯುವಂತೆ ಮಾಡಿ, ಆರು ಭಾನುವಾರ ಬಂದು ಅವಳಿಗೆ ಕಲಿಸಿದ್ದ. "ಹೊಲದ ಖಾತೆ ಬದ್ಲಾವಣೆ ಇದ್ದಂಗೆ ರೀ ಅಕ್ಕಾರೆ," ಎಂದಿದ್ದ. "ಸತ್ತೋರ ಹೆಸ್ರಿಂದ ನಿಮ್ಮ ಹೆಸ್ರಿಗೆ ಮಾಡ್ಕೊಬೇಕು. ಇಲ್ಲಿ ಶಾನುಭೋಗನ ಕೈಕಾಲು ಹಿಡಿಯೋದೇನಿಲ್ಲ, ಒಂದು ಗುಂಡಿ ಒತ್ತೋದು." ಅವಳು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು, ಒಂದು ಸಾಲೂ ತಲೆಗೆ ಹೋಗಿರಲಿಲ್ಲ.

ಮದುವೆಯ ಕಾಗದಗಳನ್ನು ಸಂಗಮೇಶ ಊರೂರಿನ ಹೆಸರಿನಲ್ಲಿ ಬೇರೆಬೇರೆ ಇಟ್ಟಿದ್ದ. ಸಾವಿನದಕ್ಕೆ ಮಾತ್ರ ಒಂದೇ ಫೈಲು, ಹೆಸರು 'ಕೈಲಾಸ'. ಸಾವಿನ ಕಾಗದವನ್ನು ಓದಿದ ಮೇಲೆ ಹರಿದುಹಾಕಬೇಕು, ಮನೆಯೊಳಗೆ ಇಡಬಾರದು. ಅಂಗಡಿಯೂ ಮನೆಯಿದ್ದ ಹಾಗೆ ಎಂಬುದು ಅವನ ವಾದ. ಹಾಗಾಗಿ ಹಿಂದಿನವರ ಹೆಸರು ಅಳಿಸಿ ಅದರ ಮೇಲೆಯೇ ಮುಂದಿನವರದನ್ನು ಬರೆಯುತ್ತಿದ್ದ.

ನಾಗವೇಣಿ ನೋಟ್‌ಬುಕ್ಕಿನ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಒಂದೊಂದಾಗಿ ಒತ್ತಿದಳು. ಒಡೆಯನ ಜಾಗದಲ್ಲಿ ಸಂಗಮೇಶ ಎಂದಿತ್ತು. ಇನ್ನೊಂದು ಸಲ ಒತ್ತಿದಳು. ನಾಗವೇಣಿ ಎಂದಾಯಿತು. ಅಷ್ಟು ಸುಲಭ. ಆಮೇಲೆ ತನಗೆ ತಾನೇ ಪರವಾನಗಿ ಕೊಟ್ಟುಕೊಂಡು ಫೈಲು ತೆರೆದಳು.

ಈಶ್ವರನ ಚಿತ್ರದ ಕೆಳಗೆ ಲಿಂಗೈಕ್ಯ ಸಂಗಮೇಶ್, ವಯಸ್ಸು ಮೂವತ್ತೆಂಟು ಎಂದಿತ್ತು.

ಅವನು ಅಂಗಡಿಯಲ್ಲೇ ಕುಸಿದುಬಿದ್ದು ತೀರಿಕೊಂಡ ದಿನ ಕಂಪ್ಯೂಟರು ಅವನ ಪಾಸ್‌ವರ್ಡಿನಲ್ಲಿ ತೆರೆದೇ ಇತ್ತು. ಅದೇ ಸಂಜೆ ನಾಗೇಶ್ ಅದರ ಮುಂದೆ ಕೂತು ಇದೇ ಫೈಲಿನಲ್ಲಿ ಅವನ ಕಾಗದ ಮಾಡಿದ್ದ. ಆಮೇಲೆ ಸತ್ತವರ ಕಾಗದ ಕೇಳಿ ಬಂದವರನ್ನೆಲ್ಲ ನಾಗವೇಣಿಯೇ ಬೇರೆ ಕಡೆ ಕಳಿಸಿದ್ದಳು. ಫೈಲಿನಲ್ಲಿ ಕೊನೆಗೆ ಉಳಿದದ್ದು ಅವನ ಹೆಸರೇ ಎಂದು ಅವಳಿಗೆ ಗೊತ್ತಿರಬೇಕಿತ್ತು. ಹೊಳೆದಿರಲಿಲ್ಲ.

"ಸಿಕ್ತೇನ್ರಿ?" ಎಂದ ಬೆನಕಪ್ಪ.

"ಸಿಕ್ತು. ವಯಸ್ಸೆಷ್ಟು ಅಮ್ಮಂದು?"

"ಎಂಬತ್ತು ಅಂತ ಹಾಕ್ರಿ. ಬರೆದಿಟ್ಟೋರು ಯಾರು?"

ಅಳಿಸುವ ಗುಂಡಿಯನ್ನು ಒಂದೊಂದೇ ಸಲ ಒತ್ತಿದಳು. ಗಂಡನ ಹೆಸರು ಹಿಂದಿನಿಂದ ಸವೆಯುತ್ತ ಹೋಯಿತು. ಗುಂಡಿ ಒಮ್ಮೆಯೂ ತಪ್ಪಲಿಲ್ಲ. ತಪ್ಪಲಿಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಖಾಲಿಯಾದಲ್ಲಿ ಹುಲಿಯಮ್ಮ ಎಂದು ಬರೆದಳು, ದಿನ ಬದಲಿಸಿದಳು, ಊರು ಬದಲಿಸಿದಳು, ಸೇವ್ ಮಾಡಿ ಒಂದು ಪ್ರತಿ ತೆಗೆದು ಬೆನಕಪ್ಪನ ಕೈಗೆ ಕೊಟ್ಟಳು.

ಅವನು ಅಕ್ಷರ ಕೂಡಿಸಿಕೊಂಡು ಓದುತ್ತ ಕೊನೆಗೆ ಬಂದು ನಿಂತ.

"ಅಕ್ಕಾರೆ, ದುಃಖತಪ್ತರು ಅಂತೈತಲ್ಲ ಇಲ್ಲಿ... ನಿಮ್ಮ ಹೆಸರೈತಿ."

ನಾಗವೇಣಿ ಕಾಗದ ತೆಗೆದುಕೊಂಡು ನೋಡಿದಳು. ಹೌದು. ತೊಗರ್ಸಿಯ ಹುಲಿಯಮ್ಮನಿಗಾಗಿ ದುಃಖಿಸುವವರು: ಪತ್ನಿ ನಾಗವೇಣಿ. ಮೂರು ತಿಂಗಳ ಹಿಂದೆ ಈ ಕಾಗದ ಊರಿಗೆಲ್ಲ ಹಂಚಿಕೆಯಾದಾಗ ಅವಳು ಓದಿರಲಿಲ್ಲ. ತಾನು ದುಃಖದಲ್ಲಿದ್ದೇನೆಂದು ಅವಳಿಗೆ ಗೊತ್ತಾದದ್ದೇ ಈಗ. ಕಾಗದವನ್ನು ಮೇಜಿನ ಮೇಲಿಟ್ಟಳು.

"ತಪ್ಪಾಯ್ತು ರೀ," ಎಂದಳು.

"ಇರ್ಲಿ ಬಿಡ್ರಿ. ಅಲ್ಲಿ ನಮ್ಮಕ್ಕನ ಹೆಸ್ರು ಹಾಕ್ರಿ, ಮಗಳು ಬಸಕ್ಕ ಅಂತ."

ತನ್ನ ಹೆಸರನ್ನು ಅಳಿಸುವಾಗ ಗುಂಡಿ ಎರಡು ಸಲ ತಪ್ಪಿತು. ಬೆನಕಪ್ಪ ನೋಡಿಯೂ ನೋಡದವನ ಹಾಗೆ ಬಸ್ಸುಗಳ ಕಡೆ ತಿರುಗಿದ. ಇನ್ನೂರು ಕಾಗದ ಅಚ್ಚಾದವು, ಅವನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ಓಡಿದ.

ತಪ್ಪಾದ ಪ್ರತಿ ಮೇಜಿನ ಮೇಲೆಯೇ ಉಳಿದಿತ್ತು. ಅದನ್ನು ಹರಿಯಲೆಂದು ಹೊಸಿಲು ದಾಟಿ ನಿಂತಳು. ಎರಡೂ ಕೈಯಲ್ಲಿ ಹಿಡಿದಳು. ಗಂಡನ ಕಾಗದದ್ದು ಎಂದು ಉಳಿದಿದ್ದುದು ಕೆಳಗಿನ 'ಪತ್ನಿ ನಾಗವೇಣಿ' ಎಂಬ ಅದೊಂದೇ ಸಾಲು. ಒಳಗೆ ಒಯ್ಯುವಂತಿಲ್ಲ. ನಾಲ್ಕು ಮಡಿಕೆ ಮಾಡಿ, ಅಂಗಡಿಯ ಬಾಗಿಲಿಗೆ ಆನಿಸಿಡುವ ಕಲ್ಲನ್ನು ಎತ್ತಿ ಅದರಡಿ ಇಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ಬೆನಕಪ್ಪನ ಕೈಲಿ ಕಾಗದ ಕಂಡಿದ್ದ ಸಿದ್ಧಲಿಂಗೇಶ್ ಸಂಜೆ ಕೊಳ್ಳುವವರನ್ನು ಕರೆತರದೆ ಒಬ್ಬನೇ ಬಂದಾಗ ಅವಳು ತಾಳಗುಂದದವರ ಮದುವೆ ಕಾಗದ ಬರೆಯುತ್ತಿದ್ದಳು. ಅವನು ಚಪ್ಪಲಿಯನ್ನು ಕಲ್ಲಿನ ಪಕ್ಕದಲ್ಲೇ ಬಿಟ್ಟ. ಕಲ್ಲಿನಡಿಯಿಂದ ಹೊರಗೆ ಚಾಚಿದ್ದ ಕಾಗದದ ಮೂಲೆ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು.